ಖಾತೆ ಆಗದ ಜಾಗಕ್ಕೆ ಕಂದಾಯ

ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮನೆಗಾಡಿ, ಕೊಳ್ಳುವವರೆಗೂ ಎಲ್ಲರೂ ಎಂಜಿನ್ನು, ಟೈರಿನ ವಯಸ್ಸು, ಮಾಡಿನಲ್ಲಿ ನೀರು ಸೋರುತ್ತದಾ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಕೊಂಡ ಮೇಲೆ ಉಳಿಯುವ ಪ್ರಶ್ನೆ ಒಂದೇ: ರಾತ್ರಿ ಇದನ್ನು ಎಲ್ಲಿ ನಿಲ್ಲಿಸೋದು?

ಮಗ ಕಾಲೇಜಿಗೆ ಹೋದ ವರ್ಷ ನಾವು ಹಳೆಯದೊಂದು ಕ್ಲಾಸ್ ಸಿ ನಮೂನೆಯ ಗಾಡಿ ತೆಗೆದುಕೊಂಡೆವು. 25 ಅಡಿ ಉದ್ದ. ಚಾಲಕನ ತಲೆಯ ಮೇಲೆ ಒಂದು ಹಾಸಿಗೆ, ಹಿಂದೆ ಇನ್ನೊಂದು, ನಡುವೆ ಒಲೆ, ಸಿಂಕು, ಫ್ರಿಜ್ಜು, ಬೀರುವಿನಷ್ಟಗಲದ ಬಚ್ಚಲು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಸಮುದ್ರ, ರೆಡ್‌ವುಡ್ ಕಾಡು, ಸಿಯೆರಾ ಬೆಟ್ಟ ಎಲ್ಲವೂ ಒಂದು ಹಗಲಿನ ದಾರಿ. ಆದರೆ ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳ ಜಾಗ ಆರು ತಿಂಗಳು ಮುಂಚೆ, ಬೆಳಿಗ್ಗೆ 8 ಗಂಟೆಗೆ ಬಿಡುತ್ತಾರೆ. ಸಮುದ್ರದಂಡೆಯವು 8 ಗಂಟೆ ಒಂದು ನಿಮಿಷಕ್ಕೆಲ್ಲ ಮುಗಿದುಹೋಗಿರುತ್ತವೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಣಿವೆಯದು ಪ್ರತಿ ತಿಂಗಳ 15ನೇ ತಾರೀಕು ಬೆಳಿಗ್ಗೆ 7ಕ್ಕೆ, ಐದು ತಿಂಗಳು ಮುಂಚೆ. ಅಲ್ಲಿ ಜಾಗ ಸಿಕ್ಕರೂ ಕರೆಂಟು, ನೀರು, ಚರಂಡಿ ಮೂರರ ಸಂಪರ್ಕವೂ ಇಲ್ಲ. ಈ ಮೂರನ್ನೂ ಕೊಡುವ ಖಾಸಗಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ವಾರಾಂತ್ಯಕ್ಕೆ ರಾತ್ರಿಗೆ 80 ಡಾಲರ್ ಮಾಮೂಲು, ರಜಾ ದಿನಗಳಲ್ಲಿ ಇನ್ನೂ ಮೇಲೆ. ಅಷ್ಟು ಕೊಟ್ಟು ನಮ್ಮ ಗಾಡಿಯಲ್ಲೇ ನಾವು ಮಲಗಬೇಕು.

ನಮ್ಮವರಿಗೆ ಲೆಕ್ಕದ ಹುಚ್ಚು. ಒಂದು ಬೇಸಿಗೆಯ ರಸೀತಿಗಳನ್ನೆಲ್ಲ ಕೂಡಿ ನನ್ನ ಮುಂದಿಟ್ಟು, ‘ಮೆಂಬರ್‌ಶಿಪ್ ತಗೊಳ್ಳೋಣ ಕಣೇ’ ಎಂದರು.

ಊರಲ್ಲಿ ಕ್ಲಬ್ ಮಹೀಂದ್ರ ಕಂಡವರಿಗೆ ಇದರ ಕಲ್ಪನೆ ಸುಲಭ. ಒಮ್ಮೆ ದೊಡ್ಡ ಮೊತ್ತ, ಆಮೇಲೆ ವರ್ಷ ವರ್ಷ ಚಂದಾ. ಪ್ರತಿಯಾಗಿ ಅವರ ಜಾಗಗಳಲ್ಲಿ ಉಳಿಯುವ ಹಕ್ಕು. ಇಲ್ಲಿ ಕೊಠಡಿಯ ಬದಲು ಗಾಡಿ ನಿಲ್ಲಿಸುವಷ್ಟು ನೆಲ. ಅಮೆರಿಕದಲ್ಲಿ ಇದರಲ್ಲಿ ದೊಡ್ಡ ಹೆಸರು ಥೌಸಂಡ್ ಟ್ರೈಲ್ಸ್. 1969ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಮಿಲ್ಟ್ ಕುಯೋಲ್ಟ್ ಎಂಬಾತ ಶುರು ಮಾಡಿದ್ದು. ಬೋಯಿಂಗ್‌ನಲ್ಲಿ ಕೆಲಸ ಮಾಡಿದ್ದ ಆಸಾಮಿ. ಮುಂದೆ ಹೊರೈಝನ್ ಏರ್ ಎಂಬ ವಿಮಾನ ಕಂಪನಿ ಕಟ್ಟಿದ್ದೂ ಇವನೇ. ಚೆಹಾಲಿಸ್ ಎಂಬಲ್ಲಿ ಶುರುವಾದ ಮೊದಲ ಕ್ಯಾಂಪ್‌ಗ್ರೌಂಡ್ ಈಗಲೂ ಇದೆ. ಇವತ್ತು ದೇಶದಲ್ಲಿ ಎಂಬತ್ತಕ್ಕೂ ಹೆಚ್ಚು ಕಡೆ ಇವರ ಜಾಗಗಳಿದ್ದು, ಒಡೆತನ ಶಿಕಾಗೋದ ಈಕ್ವಿಟಿ ಲೈಫ್‌ಸ್ಟೈಲ್ ಪ್ರಾಪರ್ಟೀಸ್ ಎಂಬ ಕಂಪನಿಯದು. ಭೂಪಟ ತೆರೆದು ನೋಡಿದರೆ ಚುಕ್ಕೆಗಳೆಲ್ಲ ಎರಡು ಕರಾವಳಿ, ಟೆಕ್ಸಸ್, ಫ್ಲೋರಿಡಾಗಳಲ್ಲಿ ಗುಂಪುಗೂಡಿವೆ. ಯೂಟಾ, ವಯೋಮಿಂಗ್, ಮೊಂಟಾನಾ ಬೋಳು. ‘ಯೆಲ್ಲೋಸ್ಟೋನ್‌ಗೆ ಹೋಗಬೇಕು’ ಎನ್ನುವ ಆಸೆಗೆ ಇದು ಮದ್ದಲ್ಲ. ನಮಗೆ ಬೇಕಿದ್ದದ್ದು ಕ್ಯಾಲಿಫೋರ್ನಿಯಾ ಮತ್ತು ಆರೆಗನ್ ಕರಾವಳಿ, ಹಾಗಾಗಿ ಸರಿಹೋಯಿತು.

ಮೊದಲು ವರ್ಷದ ಪಾಸು ತೆಗೆದುಕೊಂಡೆವು. ದೇಶದ ಒಂದು ವಲಯಕ್ಕೆ ಏಳುನೂರು ಡಾಲರ್ ಆಸುಪಾಸು. ಒಂದೇ ಕಡೆ ಸತತ ಹದಿನಾಲ್ಕು ರಾತ್ರಿಯವರೆಗೆ ಉಳಿಯಬಹುದು, ಆದರೆ ನಾಲ್ಕು ರಾತ್ರಿ ದಾಟಿದರೆ ಆಮೇಲೆ ಏಳು ರಾತ್ರಿ ಇವರ ಯಾವ ಜಾಗಕ್ಕೂ ಕಾಲಿಡುವಂತಿಲ್ಲ. ನಾಲ್ಕರೊಳಗೆ ಮುಗಿಸಿದರೆ ನೇರ ಮುಂದಿನ ಜಾಗಕ್ಕೆ ಹೋಗಬಹುದು. ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಇದರಿಂದ ತೊಂದರೆಯಿಲ್ಲ. ತೊಡಕು ಬುಕಿಂಗಿನಲ್ಲಿ. ಪಾಸಿನವರು 60 ದಿನ ಮುಂಚೆ ಮಾತ್ರ ಕಾದಿರಿಸಬಹುದು. ದುಬಾರಿ ಮೆಂಬರ್‌ಶಿಪ್ ಇರುವವರು 120 ದಿನ, 180 ದಿನ ಮುಂಚೆಯೇ ಒಳಗೆ ಬಂದು ಕೂತಿರುತ್ತಾರೆ. ಜುಲೈ ನಾಲ್ಕರ ವಾರಾಂತ್ಯಕ್ಕೆ ನಮ್ಮ ಸರದಿ ಬರುವಾಗ ಮರುಭೂಮಿಯ ಅಂಚಿನ ಜಾಗಗಳು ಖಾಲಿ, ಹೊಳೆದಂಡೆಯವು ಭರ್ತಿ. ಮೊದಲ ವರ್ಷವೇ ಗೊತ್ತಾಗಿ ಹೋಯಿತು: ಈ ವ್ಯವಹಾರದಲ್ಲಿ ನೆಲಕ್ಕಿಂತ ಮುಂಗಡ ದಿನಗಳಿಗೇ ಬೆಲೆ.

ಹೊಸ ಮೆಂಬರ್‌ಶಿಪ್ ಕೊಳ್ಳಲು ಹೋದರೆ ಸಾವಿರಾರು ಡಾಲರ್. ಈಗಾಗಲೇ ಸದಸ್ಯರಾದವರಿಂದ ಹಳೆಯದನ್ನು ಕೊಂಡರೆ ಅದರ ಒಂದು ಪಾಲು. ಇಷ್ಟು ಅಗ್ಗಕ್ಕೆ ಯಾಕೆ ಮಾರುತ್ತಾರೆ ಎಂಬ ಪ್ರಶ್ನೆಯನ್ನು ಕೇಳಿದ್ದು ನಾವಲ್ಲ, ಆಗ ತಿಪಟೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ. ಊಟದ ಮೇಜಿನ ಮೇಲೆ ಹರಡಿದ್ದ ಕಾಗದಗಳ ಅರ್ಥ ಹೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಅಲ್ಲ ಕಣಮ್ಮ, ಜಾಗ ನಿಮ್ಮ ಹೆಸರಿಗೆ ಆಗುತ್ತಾ?’

‘ಇಲ್ಲ ಅತ್ತೆ.’

‘ಖಾತೆ, ಪಹಣಿ ಏನಾದರೂ?’

‘ಅದೂ ಇಲ್ಲ. ಉಳಿಯೋ ಹಕ್ಕು ಅಷ್ಟೇ.’

‘ಜಾಗ ನಿಮ್ಮದಲ್ಲ, ಖಾತೆ ಆಗಲ್ಲ, ವರ್ಷ ವರ್ಷ ಕಂದಾಯ ಮಾತ್ರ ನೀವು ಕಟ್ಟಬೇಕು. ಇದೆಂಥಾ ವ್ಯಾಪಾರ?’

ಇವರು ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಅತ್ತೆ ಇಡೀ ವ್ಯವಹಾರದ ಬೆನ್ನುಮೂಳೆಯ ಮೇಲೇ ಬೆರಳಿಟ್ಟಿದ್ದರು. ಮಾರುವವನು ಬಿಟ್ಟುಕೊಡುತ್ತಿರುವುದು ಬರೀ ಹಕ್ಕನ್ನಲ್ಲ, ತನ್ನ ತಲೆಯ ಮೇಲಿನ ವಾರ್ಷಿಕ ಚಂದಾವನ್ನೂ. ಒಪ್ಪಂದ ಯಾರ ಹೆಸರಲ್ಲಿದೆಯೋ ಅವರು ಗಾಡಿ ಮಾರಿದರೂ, ಕಣ್ಣು ಮಂಜಾದರೂ, ಒಂದು ರಾತ್ರಿಯೂ ಉಳಿಯದಿದ್ದರೂ ಚಂದಾ ಕಟ್ಟುತ್ತಲೇ ಇರಬೇಕು. ಬಿಟ್ಟರೆ ಸಾಲ ವಸೂಲಿಯವರ ಫೋನು, ಕ್ರೆಡಿಟ್ ಸ್ಕೋರಿಗೆ ಪೆಟ್ಟು. ಅದಕ್ಕೇ ಒಂದು ಡಾಲರಿಗೆ ಮೆಂಬರ್‌ಶಿಪ್ ಕೊಡುತ್ತೇವೆ ಎಂಬ ಜಾಹೀರಾತುಗಳೂ ಕಣ್ಣಿಗೆ ಬೀಳುತ್ತವೆ. ಅವರಿಗೆ ಬೇಕಾದದ್ದು ಡಾಲರಲ್ಲ, ಹೆಗಲು. ನಾವು ಹುಡುಕಬೇಕಾದದ್ದು ಅಗ್ಗದ ಬೆಲೆಯನ್ನಲ್ಲ, ಹೊರಬಹುದಾದ ಚಂದಾ ಮತ್ತು ಕೈ ಬದಲಾದ ಮೇಲೂ ಉಳಿಯುವ ಸವಲತ್ತು ಎಂದು ಆ ರಾತ್ರಿಯೇ ತೀರ್ಮಾನಿಸಿಕೊಂಡೆ.

ಹುಡುಕಾಟಕ್ಕೆ ಇಳಿದರೆ ಎಲ್ಲವೂ ಗೋಜಲು. ಐವತ್ತು ವರ್ಷಗಳಲ್ಲಿ ಈ ಉದ್ಯಮದವರು ಬಗೆಬಗೆಯ ಒಪ್ಪಂದ ಮಾರಿದ್ದಾರೆ, ಕಂಪನಿಗಳು ಒಂದರೊಳಗೊಂದು ಸೇರಿವೆ. ನ್ಯಾಕೋ, ಎಲ್‌ಟಿಆರ್ ಎಂಬ ಹಳೆಯ ಹೆಸರುಗಳು ಈಗಲೂ ಕೆಲವರ ಕಾಗದಗಳಲ್ಲಿವೆ. ಪ್ಲಾಟಿನಂ, ಎಲೀಟ್, ಅಲಯನ್ಸ್ ಎಂದು ಚಿನ್ನ ಬೆಳ್ಳಿ ಅಂಗಡಿಯಲ್ಲೂ ಸಿಗದಷ್ಟು ಹೆಸರು. ಒಂದೇ ಹೆಸರಿನ ಎರಡು ಒಪ್ಪಂದಗಳ ಒಳಗಿನ ಷರತ್ತು ಒಂದೇ ಇರುತ್ತದೆ ಎಂದೇನಿಲ್ಲ. ಇದರ ಮೇಲೆ ವಿನಿಮಯ ಜಾಲಗಳು ಬೇರೆ: ಕೋಸ್ಟ್ ಟು ಕೋಸ್ಟ್, ಆರ್‌ಪಿಐ. ನಿಮ್ಮದೊಂದು ಮೂಲ ಕ್ಯಾಂಪ್‌ಗ್ರೌಂಡ್ ಇದ್ದರೆ ಬೇರೆ ಹಲವು ಕಡೆ ಕಡಿಮೆ ದರದಲ್ಲಿ ಉಳಿಯಬಹುದು, ಆದರೆ ಮೂಲ ಜಾಗದ ಹತ್ತಿರದವುಗಳಲ್ಲಿ ಬಳಸುವಂತಿಲ್ಲ. ಇವರು ಕಂಪ್ಯೂಟರಿನಲ್ಲಿ ಬಣ್ಣ ಬಣ್ಣದ ಕೋಷ್ಟಕ ಮಾಡಿದರು. ಅದನ್ನು ಅವರೊಬ್ಬರೇ ಓದಬಲ್ಲರು.

ನಮಗೆ ಹಿಡಿಸಿದ ಮೊದಲ ಜಾಹೀರಾತಿನಲ್ಲಿ 180 ದಿನ ಮುಂಗಡ ಎಂದಿತ್ತು. ಮಾರುವವರಿಗೆ ಫೋನು ಮಾಡಿ, ‘ಇದು ನಿಮಗೋ, ನಿಮ್ಮಿಂದ ಕೊಂಡವರಿಗೋ?’ ಎಂದೆ. ಆ ಕಡೆ ಮೌನ. ಆಮೇಲೆ, ಕೇಳಿ ಹೇಳ್ತೀನಿ ಎಂದರು. ಎರಡು ದಿನದ ನಂತರ ಬಂದ ಉತ್ತರ: ವರ್ಗಾವಣೆಯಾದರೆ ಮುಂಗಡ ದಿನಗಳು ಕಡಿಮೆಯಾಗುತ್ತವೆ, ಜಾಗದಿಂದ ಜಾಗಕ್ಕೆ ಬಿಡುವಿಲ್ಲದೆ ಹೋಗುವ ಸವಲತ್ತು ಹೋಗುತ್ತದೆ. ಅವರು ಮೋಸಗಾರರಲ್ಲ, ತಮ್ಮ ಕೈಯಲ್ಲಿದ್ದುದನ್ನೇ ಬರೆದಿದ್ದರು. ಮೂಲ ಒಡೆಯನಿಗೆ ಸಿಕ್ಕಿದ್ದು ಎರಡನೆಯವನಿಗೆ ಸಿಗದಿರುವುದೇ ಇಲ್ಲಿ ಹೆಚ್ಚು.

ಆಮೇಲೊಬ್ಬ ದಲ್ಲಾಳಿ ಗಂಟುಬಿದ್ದ. ಮಾತು ಬೆಣ್ಣೆ. ಒಳ್ಳೆಯದೊಂದು ತನ್ನ ಹತ್ತಿರ ಇದೆ, ಇವತ್ತೇ ‘ಫೈಲ್ ತೆರೆಯುವ’ ಶುಲ್ಕ ಕಳಿಸಿದರೆ ನಮಗಾಗಿ ಹಿಡಿದಿಡುತ್ತಾನೆ. ಒಪ್ಪಂದದ ಪ್ರತಿ ಕೇಳಿದರೆ ಶುಲ್ಕ ಬಂದ ಮೇಲೆ. ವರ್ಷಕ್ಕಿಷ್ಟು ದಿನವೆಂದು ರಜೆಯ ಮನೆ ಹಂಚಿಕೊಳ್ಳುವ ಟೈಮ್‌ಶೇರ್‌ನ ಮರುಮಾರಾಟದಲ್ಲಿ ಮುಂಗಡ ಶುಲ್ಕ ಕೇಳುವವರ ಬಗ್ಗೆ ಇಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ವರ್ಷಗಳಿಂದ ಎಚ್ಚರಿಸುತ್ತಾ ಬಂದಿದೆ. ಅಣ್ಣ ತಮ್ಮಂದಿರಂಥ ಈ ಎರಡು ವ್ಯಾಪಾರಗಳಿಗೂ ಅದೇ ಮಾತು. ನಾನು ಒಲ್ಲೆ ಎಂದ ಮೇಲೂ ಆ ವಾರವೆಲ್ಲ ಫೋನು ಬರುತ್ತಿತ್ತು. ಕೊನೆಗೊಮ್ಮೆ ಅತ್ತೆ ಎತ್ತಿಕೊಂಡು ಕನ್ನಡದಲ್ಲಿ ನಿಧಾನವಾಗಿ ವಿಚಾರಿಸಿಕೊಂಡರು. ಮತ್ತೆ ಬರಲಿಲ್ಲ.

ನಮಗೆ ಒದಗಿದ್ದು ಲೋಡೈ ಕಡೆಯ ಒಬ್ಬ ವೃದ್ಧ ದಂಪತಿಯದು. ದ್ರಾಕ್ಷಿ ತೋಟಗಳ ನಡುವಿನ ಮನೆ. ಅಂಗಳದಲ್ಲಿ ಪಿಕಪ್ ಟ್ರಕ್ಕಿಗೆ ಸಿಕ್ಕಿಸಿ ಎಳೆಯುವ ಅವರ ಫಿಫ್ತ್ ವೀಲ್ ಟ್ರೈಲರು, ಮಾರಾಟದ ಚೀಟಿ ಅಂಟಿಸಿಕೊಂಡು ನಿಂತಿತ್ತು. ಯಜಮಾನರಿಗೆ ಕಣ್ಣಿನ ತೊಂದರೆ. ಅಷ್ಟುದ್ದದ ಗಾಡಿ ಎಳೆಯಲು ವೈದ್ಯರು ಬೇಡವೆಂದಿದ್ದರು. ಆಕೆ ಅಡುಗೆಮನೆಯ ಮೇಜಿನ ಮೇಲೆ ಮೂರಿಂಚು ದಪ್ಪದ ಒಂದು ಫೈಲು ತಂದಿಟ್ಟರು. ಮೊದಲ ಪ್ಲಾಸ್ಟಿಕ್ ಚೀಲದಲ್ಲಿ ಮೂಲ ಒಪ್ಪಂದ, ಅಂಚಿನಲ್ಲಿ ಕಾಫಿ ಲೋಟದ ಗುಂಡಗಿನ ಕಲೆ. ಎರಡನೆಯದರಲ್ಲಿ ಹಳೆಯ ಸದಸ್ಯತ್ವದ ಕಾರ್ಡುಗಳು, ಬಣ್ಣ ಬದಲಾದಂತೆಲ್ಲ ಎತ್ತಿಟ್ಟದ್ದು. ಅದರ ಹಿಂದೆ ವರ್ಷವಾರು ಚಂದಾ ರಸೀತಿ, ಒಂದೂ ತಪ್ಪಿಲ್ಲ. ಮಿಕ್ಕದ್ದೆಲ್ಲ ಕ್ಯಾಂಪ್‌ಗ್ರೌಂಡ್‌ಗಳ ನಕ್ಷೆ, ಪ್ರತಿ ನಕ್ಷೆಯ ಮೇಲೂ ಪೆನ್ಸಿಲಿನಲ್ಲಿ ಟಿಪ್ಪಣಿ: ಈ ಸಾಲಿನಲ್ಲಿ ಮಧ್ಯಾಹ್ನದ ಮೇಲೆ ನೆರಳು, ಈ ಮೂಲೆಯಲ್ಲಿ ಗಾಡಿ ವಾಲುತ್ತದೆ, ಇಲ್ಲಿ ಟಿವಿ ಸಿಗುವುದಿಲ್ಲ, ಈ ತಿರುವಿನಲ್ಲಿ ಕೊಂಬೆ ತಗ್ಗು. ಚೌಕಾಸಿ ಮಾಡಬೇಕೆಂದು ಹೊರಟಿದ್ದ ಇವರು ನಕ್ಷೆಗಳನ್ನು ತಿರುವಿ ಹಾಕುತ್ತಾ ಬೆಲೆಯ ವಿಷಯವನ್ನೇ ಮರೆತರು. ಚೌಕಾಸಿ ನಾನು ಮಾಡಿದೆ.

ಒಪ್ಪಿಕೊಳ್ಳುವ ಮುಂಚೆ ನಾಲ್ವರೂ ಸ್ಪೀಕರ್ ಹಾಕಿಕೊಂಡು ಕಂಪನಿಯ ಸದಸ್ಯ ವಿಭಾಗಕ್ಕೆ ಫೋನು ಮಾಡಿದೆವು. ಒಪ್ಪಂದದ ವಿವರ ಸದಸ್ಯರಿಗಲ್ಲದೆ ಬೇರೆಯವರಿಗೆ ಹೇಳುವುದಿಲ್ಲ, ಆದ್ದರಿಂದ ಮಾರುವವರು ಪಕ್ಕದಲ್ಲಿರಲೇಬೇಕು. ಪ್ರಶ್ನೆಗಳನ್ನು ನಾನು ಮೊದಲೇ ಬರೆದಿಟ್ಟುಕೊಂಡಿದ್ದೆ. ಬಾಕಿ ಇದೆಯೇ? ಒಪ್ಪಂದ ಇನ್ನೊಬ್ಬರಿಗೆ ವರ್ಗಾಯಿಸಬಹುದೇ? ವರ್ಗವಾದ ಮೇಲೆ ಮುಂಗಡ ಎಷ್ಟು ದಿನ, ಒಂದು ಸಲಕ್ಕೆ ಎಷ್ಟು ರಾತ್ರಿ, ನಡುವೆ ಹೊರಗಿರಬೇಕೇ? ಒಂದು ವಲಯವೋ, ಎಲ್ಲವೂ? ಚಂದಾ ಈಗಿನದೇ ಮುಂದುವರಿಯುತ್ತದೋ, ಹೊಸ ಸದಸ್ಯರ ದರಕ್ಕೆ ಏರುತ್ತದೋ? ವರ್ಷಕ್ಕೆ ಎಷ್ಟು ಹೆಚ್ಚಿಸಬಹುದು? ಇನ್ನೊಂದು ಜಾಲದ ಕ್ಯಾಂಪ್‌ಗ್ರೌಂಡ್‌ಗಳನ್ನು ಸೇರಿಸುವ ಹೆಚ್ಚುವರಿ ಸವಲತ್ತು ಇದರ ಜೊತೆ ಬರುತ್ತದೋ, ಇಲ್ಲಿಗೇ ನಿಲ್ಲುತ್ತದೋ? ಮುಂದೆ ನಾವು ಮಾರಬಹುದೇ?

ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ ಅಂತ ಕಾಣುತ್ತದೆ. ಫೋನಿನ ಹುಡುಗಿ ಅದಕ್ಕೆ ಮಾತ್ರ ಮೇಲಿನವರನ್ನು ವಿಚಾರಿಸಲು ಹೋದಳು. ಕಾಯುವ ಸಂಗೀತ ಮುಗಿಯುವ ಹೊತ್ತಿಗೆ ಯಜಮಾನರು ಕುರ್ಚಿಯಲ್ಲೇ ಒಂದು ಸಣ್ಣ ನಿದ್ದೆ ತೆಗೆದಿದ್ದರು. ಬಂದ ಉತ್ತರ ನಮಗೆ ಒಗ್ಗುವಂಥದ್ದು: ಮುಂಗಡ 120 ದಿನ ಉಳಿಯುತ್ತದೆ, ವಲಯದ ಕಟ್ಟುಪಾಡಿಲ್ಲ, ಹೆಚ್ಚುವರಿ ಜಾಲ ಮಾರುವವರೊಂದಿಗೇ ಮುಗಿಯುತ್ತದೆ, ಮತ್ತೆ ಮಾರಬಹುದು. ಇಷ್ಟನ್ನೂ ಇಮೇಲಿನಲ್ಲಿ ಬರೆದು ಕಳಿಸಿ ಎಂದು ಕೇಳಿದೆ. ಬಾಯಿಮಾತಿನಲ್ಲಿ ಕೇಳಿದ ಸವಲತ್ತು ಮುಂದೊಂದು ದಿನ ಇಲ್ಲವೆಂದಾಗ ತೋರಿಸಲು ಕಾಗದ ಬೇಕಲ್ಲ. ಹಣದ ಮಾತು ಆ ಇಮೇಲು ಬಂದ ಮೇಲೆ.

ಒಟ್ಟು ಖರ್ಚು, ಕಂಪನಿಗೆ ಕೊಡುವ ವರ್ಗಾವಣೆ ಶುಲ್ಕವೂ ಸೇರಿ, ನಾಲ್ಕು ಸಾವಿರ ಡಾಲರ್‌ಗೆ ಬಂತು. ಆ ಶುಲ್ಕ ಯಾರು ಕೊಡಬೇಕೆಂಬುದನ್ನು ಜಾಹೀರಾತಿನವರು ಸಾಮಾನ್ಯವಾಗಿ ಹೇಳುವುದಿಲ್ಲ, ಮೊದಲೇ ಕೇಳಿ ಇತ್ಯರ್ಥ ಮಾಡಿಕೊಳ್ಳಬೇಕು. ಮಾರುವವರ ಸಹಿಗೆ ನೋಟರಿ ಬೇಕಿತ್ತು. ಲೋಡೈ ಪೇಟೆಯಲ್ಲಿ ಪಾರ್ಸೆಲ್ ಕಳಿಸುವ ಅಂಗಡಿಯೊಂದಕ್ಕೆ ಎಲ್ಲರೂ ಹೋದೆವು. ಅಂಟುಪಟ್ಟಿ, ರಟ್ಟಿನ ಡಬ್ಬಗಳ ನಡುವೆ ಕೂತಿದ್ದ ನೋಟರಿ ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ಬರೆಸಿಕೊಂಡು ಠಸ್ಸೆ ಒತ್ತಿದಳು. ಕ್ಯಾಲಿಫೋರ್ನಿಯಾದಲ್ಲಿ ಒಂದು ಸಹಿಗೆ ಹೆಚ್ಚೆಂದರೆ 15 ಡಾಲರ್, ಗಂಡ ಹೆಂಡತಿ ಇಬ್ಬರದೂ ಸೇರಿ 30. ಹಣದ ಅರ್ಧವನ್ನು ಬ್ಯಾಂಕಿನ ಚೆಕ್ಕಿನಲ್ಲಿ ಅಂದೇ ಕೊಟ್ಟೆವು, ಉಳಿದರ್ಧ ನಮ್ಮ ಹೆಸರಿಗೆ ಸದಸ್ಯತ್ವದ ಸಂಖ್ಯೆ ಬಂದ ಮೇಲೆ. ಈ ಏರ್ಪಾಡನ್ನು ಸೂಚಿಸಿದ್ದು ಆ ಯಜಮಾನರ ಹೆಂಡತಿಯೇ. ಆ ವರ್ಷದ ಚಂದಾದಲ್ಲಿ ಉಳಿದ ತಿಂಗಳುಗಳ ಪಾಲನ್ನು ನಾವು ಕೊಟ್ಟೆವು. ಕಾಗದಗಳು ಹೋಗಿ ಹೊಸ ಸಂಖ್ಯೆ ಬರಲು ಕೆಲವು ವಾರ ಹಿಡಿಯಿತು. ಈ ನಡುವಿನ ಅವಧಿಯಲ್ಲಿ ಅವರೂ ಸದಸ್ಯರಲ್ಲ, ನಾವೂ ಅಲ್ಲ. ಯಾರೂ ಬುಕ್ ಮಾಡುವಂತಿಲ್ಲ. ಬೇಸಿಗೆಗೆ ಬೇಕಿದ್ದರೆ ಚಳಿಗಾಲದಲ್ಲೇ ಈ ಕೆಲಸಕ್ಕೆ ಕೈ ಹಾಕಬೇಕು.

ನಕ್ಷೆಗಳ ಫೈಲನ್ನೂ ಅವರು ನಮಗೇ ಕೊಟ್ಟರು, ಬೆಲೆಯಲ್ಲಿ ಸೇರಿರದಿದ್ದರೂ.

ಮೊದಲ ಸಲ ಹೋದದ್ದು ಗ್ರೋವ್‌ಲ್ಯಾಂಡ್ ಆಚೆಯ, ಥೌಸಂಡ್ ಟ್ರೈಲ್ಸ್‌ನ ಯೊಸೆಮಿಟಿ ಲೇಕ್ಸ್ ಕ್ಯಾಂಪ್‌ಗ್ರೌಂಡ್‌ಗೆ. ಹೆದ್ದಾರಿ 120ರಲ್ಲಿ, ರಾಷ್ಟ್ರೀಯ ಉದ್ಯಾನದ ಬಿಗ್ ಓಕ್ ಫ್ಲಾಟ್ ಬಾಗಿಲಿಗೆ ಸುಮಾರು ಐದು ಮೈಲಿ. ಟುವಾಲಮಿ ನದಿಯ ದಕ್ಷಿಣ ಕವಲು ಕ್ಯಾಂಪಿನ ಮಧ್ಯೆಯೇ ಹರಿಯುತ್ತದೆ. ದಾರಿಯಲ್ಲಿ ಮೊಕಾಸಿನ್ ದಾಟಿದ ಮೇಲೆ ಬೆಟ್ಟ ಏರಲು ಎರಡು ರಸ್ತೆ. ಹಳೆಯ ಪ್ರೀಸ್ಟ್ ಗ್ರೇಡ್ ಎರಡೇ ಮೈಲಿಯಲ್ಲಿ ನೆಟ್ಟಗೆ ಹತ್ತುತ್ತದೆ, ಹೊಸದು ಅದೇ ಎತ್ತರವನ್ನು ತಿರುವಿ ತಿರುವಿ ದೂರ ಸುತ್ತಿಕೊಂಡು ಏರುತ್ತದೆ. ಫೋನಿನ ದಾರಿ ತೋರಿಸುವವಳಿಗೆ ಹಳೆಯದೇ ಇಷ್ಟ. ಆರ್‌ವಿಯವರು ಅವಳ ಮಾತು ಕೇಳಬಾರದು. ನಾವು ಹೊಸದರಲ್ಲಿ ಎರಡನೇ ಗೇರಿನಲ್ಲಿ ತೆವಳುತ್ತಾ ಹೋದೆವು. ಹಿಂದೆ ಸಾಲುಗಟ್ಟಿದ ಕಾರುಗಳಿಗೆ ಬಿಟ್ಟುಕೊಡಲು ಅಲ್ಲಲ್ಲಿ ಪಕ್ಕಕ್ಕೆ ಸರಿಯುವುದೇ ಒಂದು ಕೆಲಸವಾಯಿತು.

ಬುಕಿಂಗ್ ಇದ್ದರೂ ನಿಮ್ಮ ಜಾಗ ಇಂಥದ್ದೇ ಎಂದು ಇರುವುದಿಲ್ಲ. ಗೇಟಿನಲ್ಲಿ ಹೆಸರು ಹೇಳಿ, ಒಳಗೆ ಸುತ್ತು ಹೊಡೆದು, ಖಾಲಿ ಇರುವುದರಲ್ಲಿ ಹಿಡಿಸಿದ್ದನ್ನು ಆರಿಸಿಕೊಂಡು ಸಂಖ್ಯೆ ತಿಳಿಸಬೇಕು. ಅಲ್ಲಿ ಪೆನ್ಸಿಲ್ ಟಿಪ್ಪಣಿ ಕೆಲಸಕ್ಕೆ ಬಂತು. ಎದುರಿಗೆ ಬಂದ ದೊಡ್ಡ ಬಸ್ಸಿನಂಥ ಗಾಡಿಯವರು ನೋಡಲು ಚಂದವಿದ್ದ ಒಂದು ಮೂಲೆಗೆ ನುಗ್ಗಿದರು; ನಮ್ಮ ನಕ್ಷೆಯಲ್ಲಿ ಅದರ ಪಕ್ಕ ‘ವಾಲುತ್ತದೆ’ ಎಂದಿತ್ತು. ಮುಂದಿನ ಒಂದು ಗಂಟೆ ಅವರು ಚಕ್ರದಡಿಗೆ ಮರದ ಹಲಗೆ ತುರುಕುವುದನ್ನು ಅತ್ತೆ ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಆಸಕ್ತಿಯಿಂದ ನೋಡಿದರು.

ನಮಗೆ ಸಿಕ್ಕ ಕರೆಂಟು ಕಂಬದಲ್ಲಿ 30 ಆಂಪ್. ಅಂದರೆ 120 ವೋಲ್ಟಿಗೆ 3,600 ವಾಟ್, ಇಡೀ ಮನೆಗೆ ಅಷ್ಟೇ. ಏಸಿ ಓಡುತ್ತಿದ್ದರೆ ಅದರಲ್ಲಿ ಸುಮಾರು ಅರ್ಧ ಹೋಯಿತು. ಮೈಕ್ರೋವೇವ್ ಹಾಕಿ, ಜೊತೆಗೆ ಚಟ್ನಿಗೆ ಮಿಕ್ಸಿ ಒತ್ತಿದರೆ ಬ್ರೇಕರ್ ‘ಟಪ್’ ಎನ್ನುತ್ತದೆ. ಹಾಗಾಗಿ ನಮ್ಮ ಗಾಡಿಯಲ್ಲಿ ಒಂದು ಕಟ್ಟಳೆ: ‘ಚಟ್ನಿ!’ ಎಂದು ಯಾರಾದರೂ ಕೂಗಿದರೆ ಉಳಿದವರು ಏಸಿ ಆರಿಸಬೇಕು.

ಈಗ ಲೆಕ್ಕ, ಇದಿಲ್ಲದೆ ಇವರು ನನ್ನನ್ನು ಬರೆಯಲು ಬಿಡುವುದಿಲ್ಲ. ಕೊಂಡ ನಾಲ್ಕು ಸಾವಿರವನ್ನು ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 500. ಚಂದಾ 700. ಸೇರಿ 1,200. ವರ್ಷಕ್ಕೆ ಹದಿನೈದು ರಾತ್ರಿ ಉಳಿದರೆ ರಾತ್ರಿಗೆ 80 ಡಾಲರ್, ಅಂದರೆ ಸದಸ್ಯತ್ವವೇ ಇಲ್ಲದೆ ಬೇರೆ ಕಡೆ ಕೊಡುತ್ತಿದ್ದಷ್ಟೇ. ಮೂವತ್ತು ರಾತ್ರಿಯಾದರೆ 40ಕ್ಕೆ ಇಳಿಯುತ್ತದೆ. ಹದಿನೈದರ ಕೆಳಗೆ ಪೂರಾ ನಷ್ಟ. ಕೆಲಸಕ್ಕೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳಿರುವವರು ಮೂವತ್ತು ರಾತ್ರಿ ಹೊಂದಿಸುವುದು ಸುಲಭವಲ್ಲ. ನಮಗೆ ಸಾಧ್ಯವಾಗುತ್ತಿರುವುದು ಇವರಿಗೆ ಮನೆಯಿಂದ ಕೆಲಸ ಮಾಡುವ ಅವಕಾಶ ಇರುವುದರಿಂದ. ಗುರುವಾರ ಸಂಜೆಯೇ ಹೊರಟು, ಶುಕ್ರವಾರದ ಮೀಟಿಂಗುಗಳನ್ನು ಊಟದ ಟೇಬಲ್ಲಿನಲ್ಲೇ ಮುಗಿಸುತ್ತಾರೆ. ಇನ್ನು ಈ ಲೆಕ್ಕದಲ್ಲಿ ಚಂದಾ ಏರುವುದನ್ನು ಹಿಡಿದಿಲ್ಲ. ಏರುತ್ತದೆ. ಈ ಜನವರಿಯಲ್ಲಿ ಬಂದ ಬಿಲ್ಲು ಹೋದ ವರ್ಷದ್ದಕ್ಕಿಂತ ಹೆಚ್ಚಿತ್ತು.

ಪರಿಚಯದವರು ಕೇಳಿದರೆ ನಾನು ಹೇಳುವುದು ಇಷ್ಟು: ಒಂದು ವರ್ಷ ಪಾಸು ತಗೊಂಡು ನೋಡಿ. ಎಷ್ಟು ರಾತ್ರಿ ನಿಜವಾಗಿ ಹೋದಿರಿ ಎಂದು ಎಣಿಸಿ, ಆಮೇಲೆ ಬನ್ನಿ. ಸನ್ನಿವೇಲ್‌ನ ಒಬ್ಬ ಸ್ನೇಹಿತರು ಹಾಗೇ ಎಣಿಸಿ, ಗಾಡಿಯನ್ನೇ ಮಾರಿ ಹಗುರಾದರು.

ಇವರ ಕಣ್ಣು ಈಗ ಆರ್‌ಪಿಐ ಕಡೆ ಹೊರಳಿದೆ. ಯೆಲ್ಲೋಸ್ಟೋನ್ ದಾರಿಯಲ್ಲಿ ಅದರ ಜಾಗಗಳು ಸಿಗುತ್ತವಂತೆ, ಯಾರೋ ಆರೆಗನ್‌ನವರು ಮಾರುತ್ತಿದ್ದಾರಂತೆ, ಬೆಲೆ ಏನೇನೂ ಅಲ್ಲವಂತೆ. ಹೊಸ ಕೋಷ್ಟಕ ಸಿದ್ಧವಾಗಿದೆ.

‘ರೀ, ವರ್ಗಾವಣೆ ಆದಮೇಲೆ ಏನು ಉಳಿಯುತ್ತೆ ಅಂತ ಮೊದಲು ಬರೆದು ಕಳಿಸೋಕೆ ಹೇಳಿ’ ಎಂದಿದ್ದೇನೆ. ಮೂರು ವಾರವಾಯಿತು, ಇಮೇಲು ಬಂದಿಲ್ಲ.